ಒಂದು ಸಾಲಿನ ಆದೇಶವೂ ಮಾಹಿತಿಯ ಭದ್ರತೆಯೂ

ಬ್ಯಾಂಕಿನ ಲೆಕ್ಕ, ರೈಲು ಪ್ರಯಾಣದ ಟಿಕೆಟು, ರೋಗಿಗಳ ವಿವರ, ವಿದ್ಯಾರ್ಥಿಗಳ ಅಂಕಪಟ್ಟಿ ಇವೆಲ್ಲವೂ ಇಂದು ಗಣಕಯಂತ್ರಗಳ ದತ್ತಸಂಚಯಗಳಲ್ಲಿ, ಅಂದರೆ ಡೇಟಾಬೇಸುಗಳಲ್ಲಿ, ನೆಲೆಸಿವೆ. ಹಿಂದೆ ಅಂತಹ ಸಂಚಯವೊಂದನ್ನು ಸ್ಥಾಪಿಸಬೇಕಾದರೆ ಯಂತ್ರಗಳನ್ನು ಕೊಂಡು ತರಬೇಕಾಗಿತ್ತು. ತಂಪಾದ ಕೊಠಡಿ, ಎಡೆಬಿಡದ ವಿದ್ಯುತ್ತು, ನುರಿತ ಕೆಲಸಗಾರರು ಇವೆಲ್ಲ ಬೇಕಾಗಿದ್ದುವು. ಈಗ ಪರರ ಯಂತ್ರಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆಯುವ ‘ಕ್ಲೌಡ್’ ವ್ಯವಸ್ಥೆಯಿಂದ ಇದೇ ಕಾರ್ಯವು ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಈ ಸೌಲಭ್ಯವು ಶ್ಲಾಘನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾರ್ಯ ಸುಲಭವಾದ ಮಾತ್ರಕ್ಕೆ ಹೊಣೆಯೂ ಹಗುರವಾಯಿತೇ? ಇಲ್ಲವೆಂಬುದೇ ನಮ್ಮ ಅಭಿಪ್ರಾಯ.

ಅಮೆಜಾನ್ ಸಂಸ್ಥೆಯು 2014ರಲ್ಲಿ ಪ್ರಕಟಪಡಿಸಿದ ‘ಅರೋರಾ’ ಎಂಬ ದತ್ತಸಂಚಯವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇದು ಒಂಟಿ ಯಂತ್ರವಲ್ಲ. ಅನೇಕ ಯಂತ್ರಗಳು ಕೂಡಿ ನಡೆಸುವ ಕೂಟ, ಅಂದರೆ ‘ಕ್ಲಸ್ಟರ್’. ಇದರಲ್ಲಿ ಬರೆದ ಮಾಹಿತಿಯ 6 ಪ್ರತಿಗಳು, ಪರಸ್ಪರ ದೂರವಿರುವ 3 ವಲಯಗಳಲ್ಲಿ, ವಲಯಕ್ಕೆ ಎರಡರಂತೆ ಉಳಿಯುತ್ತವೆ. ಆರರಲ್ಲಿ ನಾಲ್ಕು ಕಡೆ ದಾಖಲೆಯಾದೊಡನೆ ಬರಹವು ಸಿದ್ಧಿಸಿತೆಂದು ಲೆಕ್ಕ. ಆದುದರಿಂದ ಒಂದು ವಲಯದ ವಿದ್ಯುತ್ತು ಪೂರ್ತಿಯಾಗಿ ನಿಂತುಹೋದರೂ ಉಳಿದ ನಾಲ್ಕು ಪ್ರತಿಗಳಿಂದ ಕಾರ್ಯವು ಸಾಗುತ್ತದೆ.

ಇಂತಹ ಕೂಟವನ್ನು ಸ್ಥಾಪಿಸಲು ಎರಡು ಮಾರ್ಗಗಳುಂಟು. ಪರದೆಯ ಮೇಲಿನ ಗುಂಡಿಗಳನ್ನು ಒತ್ತುತ್ತ ಹೋಗುವುದು ಒಂದು. ಕಮಾಂಡ್ ಲೈನಿನಲ್ಲಿ ಆದೇಶವನ್ನು ಅಕ್ಷರಗಳಲ್ಲಿ ಬರೆಯುವುದು ಇನ್ನೊಂದು. ಎರಡನೆಯದರಲ್ಲಿ ‘ಕ್ರಿಯೇಟ್ ಡಿಬಿ ಕ್ಲಸ್ಟರ್’ ಎಂಬ ಮೊದಲ ಆದೇಶವು ಕೂಟವನ್ನೂ ಅದರ ಸಂಗ್ರಹವನ್ನೂ ಮಾತ್ರ ನಿರ್ಮಿಸುತ್ತದೆ. ಕಣಜವೇನೋ ಕಟ್ಟಿತು, ಧಾನ್ಯ ಅಳೆಯುವವನು ಇನ್ನೂ ಬಂದಿಲ್ಲ! ‘ಕ್ರಿಯೇಟ್ ಡಿಬಿ ಇನ್‌ಸ್ಟನ್ಸ್’ ಎಂಬ ಎರಡನೆಯ ಆದೇಶದಿಂದಲೇ ಕೆಲಸ ಮಾಡುವ ಯಂತ್ರವು ಅದಕ್ಕೆ ಸೇರುತ್ತದೆ.

ನಾವು ಈ ಎರಡನೆಯ ಮಾರ್ಗದ ಪಕ್ಷಪಾತಿಗಳು. ಗುಂಡಿ ಒತ್ತಿದ ಬೆರಳಿನ ಗುರುತು ಕೈಯಲ್ಲಿ ಉಳಿಯುವುದಿಲ್ಲ. ಬರೆದ ಆದೇಶವು ಉಳಿಯುತ್ತದೆ. ಅದನ್ನು ಇನ್ನೊಬ್ಬರು ಓದಿ ತಿದ್ದಬಹುದು. ಮುಂದೆ ಅದೇ ಕೂಟವನ್ನು ಅದೇ ರೀತಿಯಲ್ಲಿ ಮತ್ತೆ ಕಟ್ಟಬಹುದು. ಪ್ರಯೋಗಶಾಲೆಯ ಟಿಪ್ಪಣಿಪುಸ್ತಕಕ್ಕೆ ಇರುವ ಬೆಲೆಯೇ ಇದಕ್ಕೂ ಇದೆ.

ಆದರೆ ಆದೇಶಪಂಕ್ತಿಯು ಬಾಯಿಬಿಟ್ಟು ಹೇಳದಿದ್ದುದನ್ನು ಮಾಡುವುದಿಲ್ಲ. ಅರೋರಾದಲ್ಲಿ ಕೂಟವನ್ನು ಅಳಿಸದಂತೆ ತಡೆಯುವ ರಕ್ಷೆಯೊಂದಿದೆ. ನಿತ್ಯವ್ಯವಹಾರದ ಕೂಟವನ್ನು ಪರದೆಯ ಗುಂಡಿಗಳಿಂದ ಕಟ್ಟಿದರೆ ಅದು ತಾನಾಗಿ ಜೊತೆಗೆ ಬರುತ್ತದೆ. ಆದೇಶದಿಂದ ಕಟ್ಟಿದರೆ ನಾವೇ ಕೇಳಿ ಪಡೆಯಬೇಕು. ಹಿಂದಿನ ಸ್ಥಿತಿಗೆ ಮರಳಲು ಬೇಕಾದ ಮೀಸಲು ನಕಲುಗಳನ್ನು 35 ದಿನಗಳವರೆಗೆ ಇರಿಸಿಕೊಳ್ಳಬಹುದು. ಏನನ್ನೂ ಹೇಳದಿದ್ದರೆ ಒಂದೇ ದಿನ. ಗುಪ್ತಪದವನ್ನು ಆದೇಶದಲ್ಲಿಯೇ ಬರೆದರೆ ಅದು ಯಂತ್ರದ ಆದೇಶಚರಿತ್ರೆಯಲ್ಲಿ ಉಳಿದು ಪರರ ಕಣ್ಣಿಗೆ ಬೀಳಬಹುದು.

ಆರು ಪ್ರತಿಗಳಿರುವಾಗ ಮೀಸಲು ನಕಲು ಏಕೆ ಬೇಕೆಂದು ವಾಚಕರು ಕೇಳಬಹುದು. ಇಲ್ಲಿಯೇ ಮರ್ಮವಿದೆ. ಆರು ಪ್ರತಿಗಳು ಯಂತ್ರದ ದೋಷದಿಂದ ಕಾಪಾಡುತ್ತವೆ. ಮನುಷ್ಯನ ತಪ್ಪು ಆದೇಶದಿಂದ ಕಾಪಾಡುವುದಿಲ್ಲ. ‘ಅಳಿಸು’ ಎಂದರೆ ಆರೂ ಪ್ರತಿಗಳು ಅದನ್ನು ವಿಧೇಯತೆಯಿಂದ ಪಾಲಿಸುತ್ತವೆ.

ಇದು ಬರಿಯ ಊಹೆಯಲ್ಲ. ಬೇರೊಂದು ಬಗೆಯ ದತ್ತಸಂಚಯವನ್ನು ಬಳಸುತ್ತಿದ್ದ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದುದನ್ನು ಆ ಸಂಸ್ಥೆಯೇ ಮರೆಮಾಚದೆ ಪ್ರಕಟಿಸಿತು. ದಣಿದಿದ್ದ ಎಂಜಿನಿಯರೊಬ್ಬರು ಉಪಯಂತ್ರವೆಂದು ಭಾವಿಸಿ ಮುಖ್ಯಯಂತ್ರದಲ್ಲಿಯೇ ಅಳಿಸುವ ಆದೇಶವನ್ನು ಕೊಟ್ಟರು. ಸುಮಾರು 300 ಗಿಗಾಬೈಟ್ ಮಾಹಿತಿ ಹೋಯಿತು. ನಿತ್ಯದ ಮೀಸಲು ನಕಲುಗಳನ್ನು ಹುಡುಕಿದರೆ ಅವು ತಯಾರಾಗಿಯೇ ಇರಲಿಲ್ಲ! ಬೇರೊಂದು ಪ್ರಯೋಗಕ್ಕಾಗಿ ಸುಮಾರು 6 ಗಂಟೆಗಳ ಹಿಂದೆ ತೆಗೆದಿದ್ದ ನಕಲು ದೊರೆತುದರಿಂದ ಬಹುಪಾಲು ಮರಳಿ ಬಂದಿತು. ನಡುವಿನ ಆರು ಗಂಟೆಗಳ ಮಾಹಿತಿ ಮಾತ್ರ ಬರಲಿಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟು. ಆದೇಶವನ್ನು ಮೊದಲು ಕಡತದಲ್ಲಿ ಬರೆಯಬೇಕು. ಅದರ ಪ್ರತಿಯೊಂದು ಪದವೂ ಏನು ಮಾಡುತ್ತದೆಂದು ತಿಳಿದಿರಬೇಕು. ಇನ್ನೊಬ್ಬರು ಅದನ್ನು ಓದಿದ ಮೇಲೆಯೇ ನಡೆಸಬೇಕು. ಮೀಸಲು ನಕಲಿನಿಂದ ಮಾಹಿತಿಯನ್ನು ಮರಳಿ ಪಡೆಯುವ ಅಭ್ಯಾಸವನ್ನು, ಅಪಘಾತಕ್ಕೆ ಕಾಯದೆ, ಆಗಾಗ್ಗೆ ಮಾಡಿ ನೋಡಬೇಕು. ಕಾಲೇಜುಗಳಲ್ಲಿ ಕೂಟವನ್ನು ಕಟ್ಟುವ ವಿಧಾನವನ್ನು ಕಲಿಸುತ್ತಾರೆ. ಕೆಟ್ಟುದನ್ನು ಮರಳಿ ಕಟ್ಟುವ ವಿಧಾನವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಲಿ. ಆ ಸಂಚಯಗಳಲ್ಲಿ ಇರುವುದು ಕೇವಲ ಅಂಕಿಗಳಲ್ಲ. ಒಬ್ಬನ ಉಳಿತಾಯ, ಇನ್ನೊಬ್ಬಳ ಚಿಕಿತ್ಸೆಯ ಚರಿತ್ರೆ. ಅವುಗಳ ಕ್ಷೇಮವು ಆದೇಶ ಬರೆಯುವವನ ವಿವೇಕವನ್ನೇ ನೆಚ್ಚಿಕೊಂಡಿದೆ.