ತಟ್ಟೆ ಕೆಳಗಿದ್ದ ಸುದ್ದಿ

1/6
ಫೋಟೋದಲ್ಲಿರೋ ಖಾಲಿ ಜಾಗ ನಿಮಗೆಲ್ಲ ಗೊತ್ತು. ಕಾಲೇಜ್ ಗೇಟ್ ಎದುರು ಚುರುಮುರಿ ಅಣ್ಣನ ಗಾಡಿ ನಿಲ್ತಿದ್ದ ಜಾಗ. ಗಾಡಿ ಹೋದ ದಿನ ಎಲ್ಲರೂ ಸ್ಟೋರಿ ಹಾಕಿದ್ವಿ. ಅಳೋ ಎಮೋಜಿ, ಇಂಗ್ಲಿಷಲ್ಲಿ ನಾಲ್ಕು ಸಾಲು, ಇದ್ದಕ್ಕಿದ್ದಂಗೆ ಹೀಗಾಯ್ತು ಅಂತ.
ಇದ್ದಕ್ಕಿದ್ದಂಗೆ ಆಗಿರಲಿಲ್ಲ ಕಣ್ರೋ. ಐದು ದಿನ ಮೊದಲೇ ಕನ್ನಡ ಪೇಪರಿನ ಸ್ಥಳೀಯ ಪುಟದಲ್ಲಿ ಬಂದಿತ್ತು: ‘ಬೀದಿಬದಿ ವ್ಯಾಪಾರಿಗಳ ತೆರವಿಗೆ ಗಡುವು’. ಆ ಪೇಪರ್ ಹಾಸ್ಟೆಲ್ ಮೆಸ್ಸಿನ ಟೇಬಲ್ ಮೇಲೆ ಬಿದ್ದಿತ್ತು. ಅದರ ಮೇಲೆ ತಟ್ಟೆ ಇಟ್ಟು ಉಪ್ಪಿಟ್ಟು ತಿಂದೋರಲ್ಲಿ ನಾನೂ ಒಬ್ಬ.

2/6
ನನ್ನ ಕಥೆ ನಿಮ್ಮಲ್ಲಿ ಅರ್ಧ ಜನದ್ದೇ. ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಪರೀಕ್ಷೆಗೆ ಓದಿದ ಕನ್ನಡ ಪರೀಕ್ಷೆ ಜೊತೆಗೇ ಮುಗೀತು. ‘ಮಾತಾಡೋಕೆ ಬರತ್ತೆ, ಓದೋದು ಸ್ವಲ್ಪ ಕಷ್ಟ’ ಅಂತ ನಗ್ತಾ ಹೇಳ್ತಿದ್ದೆ. ಈಗ ನಗು ಬರಲ್ಲ.
2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಎಬ್ಬಿಸೋಕೆ ಮುಂಚೆ 30 ದಿನದ ನೋಟಿಸ್ ಕೊಡಬೇಕು. ಕೊಟ್ಟಿದ್ರಾ? ಕೇಳೋಕೆ ಐದು ದಿನ ಇತ್ತು. ಕೇಳಿದ್ರೆ ಗಾಡಿ ಉಳೀತಿತ್ತು ಅಂತ ನಾನು ಹೇಳ್ತಿಲ್ಲ. ನಾವು ಕೇಳಲೇ ಇಲ್ಲ, ಅಷ್ಟೇ.

3/6
‘ಫೋನ್ ಕ್ಯಾಮೆರಾ ಹಿಡಿದ್ರೆ ಟ್ರಾನ್ಸ್‌ಲೇಟ್ ಆಗತ್ತಲ್ಲ’ ಅಂತೀರಿ. ಆಗತ್ತೆ. ಆದ್ರೆ ಒಂದು ಪುಟದಲ್ಲಿ ಇಪ್ಪತ್ತು ಸುದ್ದಿ ಇರತ್ತೆ. ಅದರಲ್ಲಿ ಯಾವುದು ನಿಮ್ಮ ಬೀದಿದು ಅಂತ ಗೊತ್ತಾಗೋಕಾದ್ರೂ ತಲೆಬರಹ ಓದೋಕೆ ಬರಬೇಕಲ್ವಾ? ಏನಿದೆ ಅಂತಲೇ ಗೊತ್ತಿಲ್ಲದ ಸುದ್ದಿಗೆ ಯಾರೂ ಕ್ಯಾಮೆರಾ ಹಿಡಿಯಲ್ಲ.

4/6
‘ಪೇಪರ್ ಕನ್ನಡ ತುಂಬಾ ಕಷ್ಟ’. ಇದು ಅರ್ಧ ನಿಜ. ನಮ್ಮ ಬಾಯಲ್ಲಿ ಕರೆಂಟ್ ಹೋಗತ್ತೆ, ಪೇಪರಲ್ಲಿ ‘ವಿದ್ಯುತ್ ವ್ಯತ್ಯಯ’ ಆಗತ್ತೆ. ರಸ್ತೆ ಅಗೆದು ಹಾಕಿದ್ರೆ ಅದು ‘ಕಾಮಗಾರಿ’. ಗಾಡಿ ಎತ್ತಾಕ್ಕೊಂಡು ಹೋದ್ರೆ ‘ತೆರವು’. ಯಾರು ಎತ್ತಿದ್ರು ಅನ್ನೋದು ತಲೆಬರಹದಲ್ಲಿ ಕಾಣಲ್ಲ. ಇದರಲ್ಲಿ ಪೇಪರಿನವರ ತಪ್ಪೂ ಇದೆ.
ಆದ್ರೆ ಇನ್ನರ್ಧ ಸೋಮಾರಿತನ. ಸ್ಥಳೀಯ ಪುಟದಲ್ಲಿ ದಿನಾ ಅವೇ ಪದಗಳು ತಿರುಗಿ ಬರ್ತವೆ: ಒತ್ತುವರಿ, ಅಹವಾಲು, ಆಗ್ರಹ, ವಿಳಂಬ, ಮುಂದೂಡಿಕೆ, ಆಕ್ಷೇಪಣೆ. ಐವತ್ತು ಪದ ಬಂದ್ರೆ ಪುಟದ ಅರ್ಧ ಬಾಗಿಲು ತೆಗೀತು ಅಂತ ಲೆಕ್ಕ. ವಿದೇಶದ ಸುದ್ದಿಯಿಂದ ಶುರು ಮಾಡಬೇಡಿ. ನೀವು ದಿನಾ ಹಾರಿ ದಾಟೋ ಗುಂಡಿಯ ಸುದ್ದಿಯಿಂದ ಶುರು ಮಾಡಿ. ಸರ್ಕಲ್ ಹೆಸರು ಗೊತ್ತು, ಗುಂಡಿ ಗೊತ್ತು, ಗೊತ್ತಿಲ್ಲದ್ದು ಎರಡೇ ಪದ. ಅವೆರಡನ್ನ ಊಹೆ ಮಾಡಬಹುದು.

5/6
ಈಗ ಕನ್ನಡ ಚೆನ್ನಾಗಿ ಬರೋ ಫ್ರೆಂಡ್ಸ್‌ಗೆ. ಕೇರಳದಿಂದ ಬಂದ ನನ್ನ ರೂಮ್‌ಮೇಟ್ ಒಂದಿನ ಮೆಸ್ಸಲ್ಲಿ ಪೇಪರ್ ಜೋರಾಗಿ ಓದಿದ. ‘ಅಹವಾಲು’ ಹೋಗಿ ‘ಹವಾಲಾ’ ಆಯ್ತು. ಟೇಬಲ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಅವನು ಪೇಪರ್ ಮಡಚಿಟ್ಟ, ಮತ್ತೆ ಮುಟ್ಟಲಿಲ್ಲ. ಆಮೇಲೆ ನವೆಂಬರ್ ಬಂದ್ರೆ ನಾವೇ ಶಾಲು ಹಾಕ್ಕೊಂಡು ‘ಹೊರಗಿನವರು ಕನ್ನಡ ಕಲಿಯಲ್ಲ’ ಅಂತ ಪೋಸ್ಟ್ ಹಾಕ್ತೀವಿ.
ನೆನಪಿರಲಿ, ಕನ್ನಡದ ಮೊದಲ ಪತ್ರಿಕೆ ತಂದವರೇ ಕನ್ನಡ ಕಲಿತು ಬರೆದವರು. ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಇಲ್ಲಿಗೆ ಬಂದಿದ್ದು 1836ರಲ್ಲಿ. ಬಂದಿದ್ದು ಧರ್ಮಪ್ರಚಾರಕ್ಕೆ, ಅದು ಬೇರೆ ಮಾತು. ಏಳೇ ವರ್ಷಕ್ಕೆ, 1843ರ ಜುಲೈ 1ರಂದು, ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರಬಂತು. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ. ಅವರು ಮೊದಲ ಸಲ ತಪ್ಪು ಓದಿದಾಗಲೂ ಯಾರೋ ಪಕ್ಕದಲ್ಲಿ ಕೂತು ತಿದ್ದಿರಲೇಬೇಕು. ನಮ್ಮ ಹಾಗೆ ಬರೀ ನಕ್ಕು ಎದ್ದು ಹೋಗಿರಲ್ಲ.

6/6
ನಾಳೆ ಬೆಳಿಗ್ಗೆ ತಟ್ಟೆ ಇಡೋ ಮುಂಚೆ ಪೇಪರ್ ಎತ್ತಿ. ಸಿನಿಮಾ ಪುಟ ಆಮೇಲೆ. ಸ್ಥಳೀಯ ಪುಟದ ತಲೆಬರಹಗಳನ್ನಷ್ಟೇ ಓದಿ, ಹತ್ತು ನಿಮಿಷ ಸಾಕು. ಅರ್ಥ ಆಗದ ಒಂದು ಪದ ಕಾಮೆಂಟಲ್ಲಿ ಹಾಕಿ. ನಂಗೂ ಗೊತ್ತಿಲ್ಲದಿದ್ರೆ ಒಟ್ಟಿಗೆ ಹುಡುಕೋಣ. ಯಾರೂ ನಗಲ್ಲ, ನಕ್ಕೋರನ್ನ ಬ್ಲಾಕ್ ಮಾಡ್ತೀನಿ.
ಗೇಟ್ ಪಕ್ಕ ಹೂವಿನ ಅಜ್ಜಿ ಇನ್ನೂ ಕೂರ್ತಾರೆ. ಅವರ ಸುದ್ದಿ ಬಂದ ದಿನವಾದ್ರೂ ನಾವು ಓದಿರಬೇಕು.