ಸುದ್ದಿ ತರುವವರು ಯಾರು, ಬರೆದಿಡುವವರು ಯಾರು?

ಕಳೆದ ತಿಂಗಳು ಲ್ಯಾಬಿನಲ್ಲಿ ನಾವು ನಾಲ್ವರು ಸೇರಿ ಅಂಕಪಟ್ಟಿಗೆ ಒಂದು ಪೈಥಾನ್ ಪ್ರೋಗ್ರಾಂ ಬರೆದೆವು. ಪ್ರೋಗ್ರಾಂ ನಡುವೆ ಎಡವಿದಾಗ ಏಳುವ ಸೂಚನೆಗೆ ಎಕ್ಸೆಪ್ಶನ್ ಎನ್ನುತ್ತಾರೆ. ನಡೆದದ್ದನ್ನು ದಾಖಲಿಸುವ ಫೈಲಿಗೆ ಲಾಗ್ ಎನ್ನುತ್ತಾರೆ. ನಾವು ನಮ್ಮದೇ ಒಂದು ಎಕ್ಸೆಪ್ಶನ್ ಮಾಡಿ, ಅದು ಹುಟ್ಟಿದ ಕೂಡಲೇ ತಾನೇ ಲಾಗ್‌ಗೆ ಬರೆದುಕೊಳ್ಳುವಂತೆ ಮಾಡಿದೆವು. ಅಂಕದ ಜಾಗದಲ್ಲಿ ಯಾರಾದರೂ ಅಕ್ಷರ ಒತ್ತಿದರೆ ಪ್ರೋಗ್ರಾಂ ಮತ್ತೊಮ್ಮೆ ಕೇಳುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಲಾಗ್‌ನಲ್ಲಿ ಪ್ರತಿ ಸಲ 'ದೋಷ' ಎಂಬ ಸಾಲು. ಸಂಜೆ ಅಂಕಗಳ ಫೈಲೇ ತೆರೆಯದೆ ಹೋದಾಗ, ಬೇಕಾದ ಒಂದು ಸಾಲನ್ನು ಆ ರಾಶಿಯಲ್ಲಿ ಹುಡುಕಿ ಸುಸ್ತಾದೆವು. ಅಂದಿನಿಂದ ನನ್ನ ಅಭಿಪ್ರಾಯ ಇದು: ಎಕ್ಸೆಪ್ಶನ್ ಸುದ್ದಿ ತರಬೇಕು, ಲಾಗ್ ಬರೆಯಬಾರದು.

'ಲಾಗ್' ಕಡಲಿನಿಂದ ಬಂದ ಪದ. ಹಡಗಿನ ವೇಗ ಅಳೆಯಲು ನೀರಿಗೆ ಎಸೆಯುತ್ತಿದ್ದ ಮರದ ತುಂಡಿಗೆ ಆ ಹೆಸರು. ಆ ಲೆಕ್ಕ ಬರೆಯುವ ಪುಸ್ತಕ ಲಾಗ್‌ಬುಕ್ ಆಯಿತು. ನಮ್ಮ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಯನ್ನು ನೆನೆಸಿಕೊಳ್ಳಿ. ಕೆಳಗೆ ನೀರು ನುಗ್ಗಿದ್ದನ್ನು ಮೊದಲು ಕಾಣುವವನು ಖಲಾಸಿ. ಎಲ್ಲಿ, ಎಷ್ಟು ಎಂದು ಸರಿಯಾಗಿ ಹೇಳುವುದು ಅವನ ಕೆಲಸ. ಬಾಲ್ದಿಯಲ್ಲಿ ಎತ್ತಿ ಚೆಲ್ಲಿದರೆ ಸಾಕೋ, ದಡಕ್ಕೆ ತಿರುಗಬೇಕೋ ಎಂದು ತೀರ್ಮಾನಿಸುವವನು ತಂಡೇಲ.

ಇದು ಲ್ಯಾಬಿನ ಮಾತು ಮಾತ್ರವಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿಗೆ ಚೂರಾಯಿತು. 64 ಬಿಟ್ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವಾಗ ಎಕ್ಸೆಪ್ಶನ್ ಎದ್ದಿತ್ತು. ಆ ಲೆಕ್ಕವೋ, ರಾಕೆಟ್ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಆದರೆ ಯಾವ ಎಕ್ಸೆಪ್ಶನ್ ಬಂದರೂ ದೋಷ ತಿಳಿಸಿ ಆ ಕಂಪ್ಯೂಟರ್ ನಿಂತುಬಿಡಬೇಕು ಎಂದು ಮೊದಲೇ ನಿಗದಿಯಾಗಿತ್ತು. ಅದು ಕಳಿಸಿದ ದೋಷದ ಮಾಹಿತಿಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದೇ ಓದಿತು. ತಪ್ಪು ಎಷ್ಟು ದೊಡ್ಡದು ಎಂದು ತಪ್ಪು ನಡೆದ ಜಾಗಕ್ಕೆ ಗೊತ್ತಿರುವುದಿಲ್ಲ.

"ಹಿಡಿದವರು ಎಕ್ಸೆಪ್ಟ್ ಬರೆದು ಕೆಳಗೆ ಪಾಸ್ ಹಾಕಿ ಸುಮ್ಮನಾದರೆ?" ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಆಗ ಸುದ್ದಿಯೇ ಮುಚ್ಚಿಹೋಗುತ್ತದೆ. ತಾನೇ ಬರೆದುಕೊಳ್ಳುವ ಎಕ್ಸೆಪ್ಶನ್ ಆಗಿದ್ದರೆ ಗುರುತಾದರೂ ಉಳಿಯುತ್ತಿತ್ತು. ಆದರೆ ತಂಡೇಲ ಕಿವಿಗೊಡುವುದಿಲ್ಲ ಎಂದು ಖಲಾಸಿಗಳಿಗೆಲ್ಲ ಒಂದೊಂದು ಪುಸ್ತಕ ಕೊಟ್ಟರೆ ಮಂಜಿ ಉಳಿಯುತ್ತದೆಯೇ? ಮದ್ದು ಬೇಕಿರುವುದು ಆ ಪಾಸ್‌ಗೆ.

ಆದ್ದರಿಂದ ಎಕ್ಸೆಪ್ಶನ್‌ನೊಳಗೆ ಯಾವ ಫೈಲು, ಯಾವ ಸಾಲು, ಏನು ಬಂತು ಎಂಬುದನ್ನೆಲ್ಲ ತುಂಬಿ. ಸರಿಪಡಿಸಲು ಆಗದಿದ್ದರೆ ಮೇಲಕ್ಕೆ ಬಿಡಿ. ಕೊನೆಗೆ ಹಿಡಿದು ತೀರ್ಮಾನಿಸುವ ಜಾಗದಲ್ಲಿ, ಬರೆಯಬೇಕಾದದ್ದಾದರೆ, ಒಮ್ಮೆ ಮಾತ್ರ ಬರೆಯಿರಿ. ಪೈಥಾನ್‌ನ ಲಾಗಿಂಗ್ ಮಾಡ್ಯೂಲಿನಲ್ಲಿ ಎಕ್ಸೆಪ್ಟ್ ಬ್ಲಾಕಿನೊಳಗೆ ಕರೆಯಲೆಂದೇ 'ಎಕ್ಸೆಪ್ಶನ್' ಎಂಬ ಫಂಕ್ಷನ್ ಇದೆ. ತಪ್ಪು ಬಂದ ದಾರಿಯನ್ನೂ ಅದು ಬರೆದಿಡುತ್ತದೆ.

ನಮ್ಮ ಪ್ರೋಗ್ರಾಂನಿಂದ ಆ ಸಾಲನ್ನು ಅಳಿಸಿದ್ದೇವೆ. ಪಿಸಿಎಂಸಿ ಗೆಳೆಯರು ತಮ್ಮ ಪ್ರಾಜೆಕ್ಟ್‌ಗಳನ್ನೂ ಒಮ್ಮೆ ತೆರೆದು ನೋಡಲಿ. ಬೇರೆ ಅಭಿಪ್ರಾಯವಿದ್ದರೆ ಮುಂದಿನ ಸಂಚಿಕೆಗೆ ಬರೆಯಲಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ