ಉಳ್ಳಾಗಡ್ಡಿ ಮತ್ತು ಹತೋಟಿ

ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಮಾರ್ಕೆಟ್ ಯಾರ್ಡಿಗೆ ಹೋಗುವುದು ಪುಣೆಗೆ ಬಂದಾಗಿನಿಂದ ನನ್ನ ರೂಢಿ. 2023ರ ಡಿಸೆಂಬರ್ 8ರಿಂದ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತು ನಿಷೇಧಿಸಿತಲ್ಲ, ಆಗ ಇಲ್ಲಿ ದರ ಇಳಿದಿತ್ತು. ನಾನೂ ಖುಷಿಯಿಂದ ಐದು ಕಿಲೋ ಹೆಚ್ಚಿಗೆ ತಂದೆ. ಆ ರಾತ್ರಿ ವಿಜಯಪುರ ಕಡೆಯ ನಮ್ಮೂರಿಂದ ತಮ್ಮನ ಫೋನು.

"ಅಣ್ಣಾ, ಬೆಲಿ ಹತೋಟಿಗೆ ಬಂತು ಅಂತ ಪೇಪರ್‌ನ್ಯಾಗ ಬರದಾರ. ಯಾರ ಹತೋಟಿಗೆ?"

ನನ್ನಲ್ಲಿ ಉತ್ತರವಿರಲಿಲ್ಲ. ಮಳೆಗಾಲದ ಉಳ್ಳಾಗಡ್ಡಿ ಬಹಳ ದಿನ ಇಡಲು ಬರುವುದಿಲ್ಲ, ಸಿಕ್ಕ ದರಕ್ಕೆ ಕೊಡಲೇಬೇಕು.

ನಾವು ಎಲ್ಲದಕ್ಕೂ 'ಕಂಟ್ರೋಲ್' ಅಂದುಬಿಡುತ್ತೇವೆ. ಶುಗರ್ ಕಂಟ್ರೋಲ್, ಮಕ್ಕಳ ಕಂಟ್ರೋಲ್, ಬೆಲೆ ಕಂಟ್ರೋಲ್. ಕನ್ನಡದಲ್ಲಿ ಇವು ಬೇರೆ ಬೇರೆ. ಹೊರಗಿನಿಂದ ಕಟ್ಟಿಹಾಕಿದರೆ ನಿರ್ಬಂಧ. ಒಬ್ಬನ ಮುಷ್ಟಿಯಲ್ಲಿದ್ದರೆ ಹಿಡಿತ. ಮೀರಬಾರದೆಂದು ಇಟ್ಟುಕೊಂಡ ಮಿತಿ ಅಂಕೆ. ಲೆಕ್ಕದ ಅಂಕೆಯೂ ಅದೇ ಮಾತು, ಬ್ಯಾಂಕಿನವನಿಗೆ ಇದು ಬಲು ಇಷ್ಟ! ಇನ್ನು ಹತೋಟಿ. ಇಲ್ಲಿಯ ಮರಾಠಿಯಲ್ಲಿ 'ಹಾತೋಟಿ' ಅಂದರೆ ರೂಢಿಯಿಂದ ಕೈಗೆ ಕೂಡಿಬಂದ ಜಾಣ್ಮೆ. ಎತ್ತು ಹೂಡುವವನಿಗೆ ಇರುವಂಥದು.

ಮಾತು ಬದಲಾದರೆ ಏನು ಅಂತ ಕೇಳಬಹುದು. ನಾನು ಕೆಲಸಕ್ಕೆ ಸೇರಿದಾಗ ವಿದೇಶಿ ವಿನಿಮಯಕ್ಕೆ 1973ರ ಫೆರಾ ಕಾಯ್ದೆ, ಎಲ್ಲರ ಬಾಯಲ್ಲೂ 'ಎಕ್ಸ್‌ಚೇಂಜ್ ಕಂಟ್ರೋಲ್'. 2000ದ ಜೂನ್‌ನಲ್ಲಿ ಜಾರಿಗೆ ಬಂದ ಫೆಮಾದ ಹೆಸರಿನಲ್ಲಿ 'ಮ್ಯಾನೇಜ್‌ಮೆಂಟ್' ಸೇರಿತು. ಹೆಸರಿನ ಜೊತೆ ನಡತೆಯೂ ಬದಲಾಯಿತು. ಮೊದಲು ಕ್ರಿಮಿನಲ್ ಅಪರಾಧವಾಗಿದ್ದ ತಪ್ಪುಗಳಿಗೆ ಹೆಚ್ಚಾಗಿ ದಂಡ ಮಾತ್ರ ಉಳಿಯಿತು.

ರಫ್ತು ನಿಷೇಧ 2024ರ ಮೇ 4ರಂದು ಹೋಯಿತು. ಶೇ. 40ರ ಸುಂಕ ಉಳಿದು, ಆಮೇಲೆ ಶೇ. 20ಕ್ಕೆ ಇಳಿದು, 2025ರ ಏಪ್ರಿಲ್ 1ಕ್ಕೆ ಪೂರ್ತಿ ತೆಗೆದರು. ಕೊಳ್ಳುವವನಿಗೂ ಬದುಕಬೇಕು, ಸರಕಾರ ಸುಮ್ಮನೆ ಕೂರಲಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ದಿನದ ಆದೇಶದಿಂದ ಬಾಗಿಲು ಹಾಕುವುದು ನಿರ್ಬಂಧ. ಒಣಗಿಸಿ ಇಡಲು ಜಾಗ, ಬಿತ್ತುವ ಮೊದಲೇ ಗೊತ್ತಿರುವ ನಿಯಮ, ಇವಿದ್ದರೆ ಹತೋಟಿ. ಮೊದಲನೆಯದನ್ನು ಎರಡನೆಯದರ ಹೆಸರಿನಿಂದ ಕರೆದರೆ, ಪೆಟ್ಟು ಬಿದ್ದವನ ದನಿ ನಮ್ಮಂಥ ಪೇಟೆಯವರಿಗೆ ಕೇಳುವುದೇ ಇಲ್ಲ.

ತಮ್ಮ ಈಗ ಅರ್ಧ ಹೊಲಕ್ಕೆ ತೊಗರಿ ಹಾಕಿದ್ದಾನೆ. "ಇಷ್ಟ ನೋಡಣ್ಣಾ ನನ್ನ ಕೈಯಾಗ ಇರೂದು" ಅನ್ನುತ್ತಾನೆ.

ನಿಮ್ಮ ಊರ ಕಡೆ ಇದಕ್ಕೆ ಏನನ್ನುತ್ತೀರಿ?